ಶಿರೂರಿನ ಆಯಿ, ಗುಳೇದಗುಡ್ಡದ ಕಾಕು

ನಾನು ನರ್ಸಬಾಯಿಯಾಗಿ ಶಿರೂರಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆಗ ಅದೆಲ್ಲ ಇನ್ನೂ ವಿಜಾಪುರ ಜಿಲ್ಲೆ. ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ನಮ್ಮವರದೇ ಓಣಿಯಲ್ಲಿ. ಬೆಳಿಗ್ಗೆ ಎದ್ದರೆ ಪಕ್ಕದ ಮನೆಯಲ್ಲಿ ಪ್ರಾರ್ಥನೆ, ಸಂಜೆ ಎದುರು ಮನೆಯಲ್ಲಿ ಸಂಗೀತ, ಭಾನುವಾರ ಇಡೀ ಓಣಿಯೇ ಬಿಳಿ ಬಟ್ಟೆ ಉಟ್ಟು ಒಟ್ಟಿಗೆ ಹೊರಡುತ್ತಿತ್ತು. ಕ್ರೈಸ್ತಳಾಗಿರುವುದೆಂದರೆ ಹೀಗೆ ಒಂದು ಓಣಿಯ ಜೊತೆಗಿರುವುದು ಎಂದೇ ನಾನು ತಿಳಿದಿದ್ದೆ. ಶಿರೂರಿನಲ್ಲಿ ಆ ಓಣಿ ಇರಲಿಲ್ಲ. ಇಡೀ ಊರಿಗೆ ಯೇಸುಸ್ವಾಮಿಯ ಹೆಸರು ಹೇಳುವವಳು ನಾನೊಬ್ಬಳೇ.

ಮೊದಮೊದಲು ಬಾಗಲಕೋಟೆಯಿಂದ ದಿನಾ ಬಸ್ಸಿಗೆ ಬಂದು ಹೋಗಿ ಮಾಡಿದೆ. ಆದರೆ ಹೆರಿಗೆಗಳು ಬಸ್ಸಿನ ಟೈಮು ನೋಡಿಕೊಂಡು ಆಗುವುದಿಲ್ಲ. ಊರಲ್ಲಿಯೇ ಒಂದು ಖೋಲಿ ಬೇಕಾಯಿತು. ಕೇಳಿದ ಕಡೆಯಲ್ಲೆಲ್ಲ ಮರ್ಯಾದೆಯಿಂದಲೇ ಮಾತಾಡಿದರು, ನೀರು ಕೊಟ್ಟರು, ಬೆಲ್ಲ ಕೊಟ್ಟರು. ಆಮೇಲೆ ಯಾವ ಮಂದಿ ಎಂದು ಕೇಳಿದರು. ಹೇಳಿದ ಮೇಲೆ, ಮನೆಯಲ್ಲಿ ಹಿರಿಯರನ್ನು ಕೇಳಿ ಹೇಳಿ ಕಳಿಸುತ್ತೇವೆ ಎಂದರು. ಹೇಳಿ ಕಳಿಸಿದವರು ಯಾರೂ ಇಲ್ಲ.

ಕೊನೆಗೆ ನನ್ನನ್ನು ಕರೆದದ್ದು ಒಬ್ಬ ಮುದುಕಿ. ಗಂಡ ತೀರಿಕೊಂಡಿದ್ದರು, ಹೆಣ್ಣುಮಕ್ಕಳನ್ನು ಹುನಗುಂದದ ಕಡೆ ಕೊಟ್ಟಿತ್ತು. ಹೊಲವನ್ನು ಪಾಲಿಗೆ ಹಾಕಿ, ಒಂದು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದಳು. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ದಿನಾ ಸ್ನಾನವಾಗಿ ಪೂಜೆ ಮುಗಿಯುವ ತನಕ ಬಾಯಲ್ಲಿ ನೀರು ಹಾಕುತ್ತಿರಲಿಲ್ಲ. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ. ಅವಳು ಕೇಳಿದ್ದು ಎರಡೇ ಮಾತು. ಮನೆಯಲ್ಲಿ ಮಾಂಸ ಬೇಯಿಸಬಾರದು, ಆಗುತ್ತದೆಯೇ ಎಂದಳು. ಆಗುತ್ತದೆ ಎಂದೆ. ನಾನು ಪ್ರಾರ್ಥನೆ ಮಾಡುವವಳು, ಅದಕ್ಕೇನಾದರೂ ಅಡ್ಡಿಯೇ ಎಂದು ನಾನೇ ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ದೇವರ ಹೆಸರ ನೀ ಯಾವದರ ತಗೊಳವಾ. ದೀಪಾ ಹಚ್ಚೂ ಹೊತ್ತಿಗೆ ಮನಿಗೆ ಬಂದಿರು, ಅಷ್ಟ."

ಪಡಸಾಲೆಯ ಬದಿಯ ಖೋಲಿ ನನಗೆ ಸಿಕ್ಕಿತು.

ಆಯಿ ಒಳ್ಳೆಯವಳು. ಆದರೂ ಭಾನುವಾರ ಬಂದರೆ ನನಗೆ ಜೀವ ನಿಲ್ಲುತ್ತಿರಲಿಲ್ಲ. ಕೋಣೆಯ ಬಾಗಿಲು ಮುಂದೆ ಮಾಡಿ ಒಬ್ಬಳೇ ಕುಳಿತು ಹಾಡಲು ಹೋದರೆ ನನ್ನ ದನಿ ನನಗೇ ಪರಕೀಯವಾಗಿ ಕೇಳುತ್ತಿತ್ತು. ಗುಳೇದಗುಡ್ಡದ ಚರ್ಚಿನಲ್ಲಿ ನಮ್ಮವರ ಹಳೆಯ ಸಭೆ ಒಂದಿದೆ ಎಂದು ಯಾರೋ ಹೇಳಿದರು. ಒಂದು ಭಾನುವಾರ ಮುಂಜಾನೆಯ ಬಸ್ಸು ಹತ್ತಿದೆ.

ಆರಾಧನೆ ಮುಗಿದ ಮೇಲೆ ಎಲ್ಲರೂ ಕೈಮುಗಿದರು, ಯಾವ ಊರು ಎಂದು ವಿಚಾರಿಸಿದರು, ಅವರವರ ಮನೆಗೆ ಹೋದರು. ನನ್ನ ಬಸ್ಸು ಇದ್ದದ್ದು ಸಂಜೆಗೆ. ಬೇವಿನ ಗಿಡದ ಕೆಳಗೆ ನಿಂತುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಕೂರುವುದೋ ಇಲ್ಲಿಯೇ ಕೂರುವುದೋ ಎಂದು ಯೋಚಿಸುತ್ತಿದ್ದೆ. ಆಗ ದಪ್ಪನೆಯ ಹೆಂಗಸೊಬ್ಬಳು ಬಂದು ನನ್ನ ಕೈಯಲ್ಲಿದ್ದ ಛತ್ರಿಯನ್ನು ತೆಗೆದುಕೊಂಡು ತಾನೇ ಬಿಚ್ಚಿ ಹಿಡಿದು, "ನಡಿ, ರೊಟ್ಟಿ ಆರತಾವು," ಎಂದು ಮುಂದೆ ಹೊರಟೇಬಿಟ್ಟಳು. ನನ್ನ ಹೆಸರನ್ನೂ ಕೇಳಿರಲಿಲ್ಲ. ಛತ್ರಿಯ ಹಿಂದೆ ನಾನು ನಡೆದೆ.

ಅವಳೇ ಕಾಕು. ಅವಳ ಗಂಡ, ನಮಗೆಲ್ಲ ಕಾಕಾ, ಕುಪ್ಪಸದ ಖಣ ನೇಯುತ್ತಿದ್ದರು. ಒಂದೇ ಅಂಕಣದ ಮನೆ. ಅದರಲ್ಲಿ ಅರ್ಧವನ್ನು ಕುಣಿಮಗ್ಗವೇ ತಿಂದಿತ್ತು. ಭಾನುವಾರ ಮಗ್ಗದ ಮೇಲೆ ತೊಳೆದ ಧೋತರ ಹೊದಿಸುತ್ತಿದ್ದರು. ಜನ ಹೆಚ್ಚಾದರೆ ನಾವು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಉಣ್ಣುತ್ತಿದ್ದೆವು. ಜನ ಹೆಚ್ಚೇ ಇರುತ್ತಿದ್ದರು. ಹಳ್ಳಿಗಳಿಂದ ಆರಾಧನೆಗೆ ಬಂದವರು, ಸಂತೆಗೆ ಬಂದು ಬಸ್ಸು ತಪ್ಪಿಸಿಕೊಂಡವರು, ಬಾದಾಮಿ ಕಡೆಯ ಸಾಲಿಯೊಂದಕ್ಕೆ ಹೊಸದಾಗಿ ಬಂದಿದ್ದ ಒಬ್ಬ ಮಾಸ್ತರರು. ಮಾಸ್ತರರು ನಮ್ಮವರೇ, ಮದುವೆಯಾಗಿರಲಿಲ್ಲ, ಕೈಯಡುಗೆ ಮಾಡಿಕೊಂಡು ಸೊರಗಿದ್ದರು.

ಇಂದು ಯಾರು ಯಾರು ಬರುತ್ತಾರೆ ಎಂದು ನಾನೊಮ್ಮೆ ರೊಟ್ಟಿ ಬಡಿಯುತ್ತಿದ್ದ ಕಾಕುವನ್ನು ಕೇಳಿದೆ. ಗೊತ್ತಿಲ್ಲ ಎಂದಳು. ಮತ್ತೆ ಇಷ್ಟೊಂದು ರೊಟ್ಟಿ ಯಾಕೆ ಎಂದರೆ, ಯಾರಾದರೂ ಬರುತ್ತಾರಲ್ಲ, ಅವರಿಗೆ ಎಂದಳು. ಅವಳ ಮಟ್ಟಿಗೆ ಲೆಕ್ಕ ಅಲ್ಲಿಗೆ ಮುಗಿಯಿತು. ಕಾಕಾ ಊಟಕ್ಕೆ ಮೊದಲು ಮಾಡುವ ಪ್ರಾರ್ಥನೆ ಉದ್ದ. ಗುಳೇದಗುಡ್ಡದ ರೋಗಿಗಳನ್ನು ಮುಗಿಸಿ ಬಾಗಲಕೋಟೆಯ ರೋಗಿಗಳತ್ತ ಹೊರಳುವಷ್ಟರಲ್ಲಿ ಕಾಕು ಪಲ್ಯದ ಬೋಗುಣಿಯ ಮುಚ್ಚಳವನ್ನು ಸಣ್ಣಗೆ ಸಪ್ಪಳ ಮಾಡುತ್ತಿದ್ದಳು. ಕಾಕಾ ಕಣ್ಣು ತೆರೆಯದೆ "ಆಮೆನ್" ಎನ್ನುತ್ತಿದ್ದರು.

ಆ ಮನೆಯಲ್ಲಿ ನನಗೆ ಓಣಿ ಮರಳಿ ಸಿಕ್ಕಿತು. ನಾನು ಅದಕ್ಕಾಗಿ ಏನೂ ಮಾಡಿರಲಿಲ್ಲ. ದೇವರು ಕೊಡುವುದೆಂದರೆ ಹೀಗಿರಬಹುದು ಎಂದು ಮೊದಲ ಬಾರಿ ಅನ್ನಿಸಿದ್ದು ಆ ಬಿಸಿಲಿನಲ್ಲಿ, ಯಾರದೋ ಕೈಯಲ್ಲಿದ್ದ ನನ್ನ ಛತ್ರಿಯ ಹಿಂದೆ ನಡೆಯುವಾಗ.

ಸಂಜೆ ಹೊರಡುವಾಗ ಕಾಕು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ನಿಮ್ಮ ಮನೆಯ ಮುದುಕಿಗೆ ಎಂದು ಒಮ್ಮೆ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಆಯಿ ಎರಡೂ ಕೈಯಿಂದ ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು. ಮರುದಿನ ಆ ಹೋಳಿಗೆಯನ್ನು ಎಮ್ಮೆ ತಿನ್ನುತ್ತಿತ್ತು. ಲಿಂಗ ಕಟ್ಟದವರ ಕೈಯಡುಗೆಯನ್ನು ಆಯಿ ಉಣ್ಣುವವಳಲ್ಲ. ಅದು ಅವಳ ನೇಮ, ಅದರಲ್ಲಿ ತಿರಸ್ಕಾರವೇನೂ ಇರಲಿಲ್ಲ. ನಾನು ಕಾಕುವಿಗೆ ಏನೂ ಹೇಳಲಿಲ್ಲ. ಆದರೆ ಹೋಳಿಗೆ ಹೆಂಗಿತ್ತಂತೆ ಎಂದು ಅವಳು ಕೇಳಿದಾಗ ನಾನು ತಡೆದು ತಡೆದು ಉತ್ತರ ಕೊಟ್ಟದ್ದರಲ್ಲಿಯೇ ಅವಳಿಗೆ ತಿಳಿಯಿತು. ಸಿಟ್ಟಾಗಲಿಲ್ಲ. ಮುಂದಿನ ವಾರ ಹಸಿ ಕಡಲೆಯ ಸಿವುಡು ಕೊಟ್ಟಳು. ಅದರ ಮುಂದಿನ ವಾರ ಅಗಸಿ ಬೀಜ. ಬೇಯಿಸದ್ದು ಏನಿದ್ದರೂ ಆಯಿಗೆ ನಡೆಯುತ್ತಿತ್ತು.

ಆಯಿಯೂ ಸುಮ್ಮನಿರುವವಳಲ್ಲ. ಗಡಿಗೆಯಲ್ಲಿ ಕೆನೆಮೊಸರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದಳು. ಕಾಕಾ ಒಂದು ಸಲ ಮಗ್ಗದಿಂದ ಆಗಷ್ಟೇ ಇಳಿಸಿದ ಖಣ ಕಳಿಸಿದರು. ಆಯಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಮಗಳ ಮಗಳಿಗೆ ಎಂದು ಟ್ರಂಕಿನಲ್ಲಿಟ್ಟಳು. ಹೀಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆ ಇಬ್ಬರು ಹೆಂಗಸರು, ಒಬ್ಬರ ಮುಖ ಒಬ್ಬರು ನೋಡದೆ, ನನ್ನ ಕೈಚೀಲದ ಮೂಲಕ ಗೆಳತಿಯರಾದರು. ನಾನು ಬಸ್ಸಿಳಿದು ಬಂದರೆ ಆಯಿಯ ಮೊದಲ ಪ್ರಶ್ನೆ, "ಹೆಂಗದಾಳ ನಿಮ್ಮಾಕಿ?"

ಆ ವರ್ಷದ ಕ್ರಿಸ್‌ಮಸ್ಸಿಗೆ ನಾನು ಹಿಂದಿನ ದಿನವೇ ಗುಳೇದಗುಡ್ಡಕ್ಕೆ ಹೋಗಬೇಕಾಗಿತ್ತು. ಸೀರೆ ಇಸ್ತ್ರಿಯಾಗಿತ್ತು, ಚೀಲ ತಯಾರಾಗಿತ್ತು. ಅಷ್ಟರಲ್ಲಿ ಕೆಳಗಿನ ಓಣಿಯಲ್ಲಿ ಚೊಚ್ಚಲ ಬಸುರಿಯೊಬ್ಬಳಿಗೆ ನೋವು ಶುರುವಾಯಿತು. ಸಣ್ಣ ವಯಸ್ಸಿನ ಹುಡುಗಿ, ಹೆದರಿ ಬಿಳಿಚಿಕೊಂಡಿದ್ದಳು. ಬಿಟ್ಟು ಹೋಗುವ ಮಾತೇ ಇರಲಿಲ್ಲ. ಗುಳೇದಗುಡ್ಡದ ಬಸ್ಸಿನ ಕಂಡಕ್ಟರರು ಕಾಕಾನಿಗೆ ಪರಿಚಯದವರು; ನಾನು ಬರುವುದಿಲ್ಲ, ಹೆರಿಗೆ ಇದೆ ಎಂದು ಅವರ ಕೈಯಲ್ಲಿ ಹೇಳಿ ಕಳಿಸಿದೆ. ಕೂಸು ಹುಟ್ಟಿದ್ದು ಮರುದಿನ ಹೊತ್ತೇರಿದ ಮೇಲೆ. ಗಂಡು ಕೂಸು, ಹುಟ್ಟಿದ ಕೂಡಲೇ ಓಣಿಗೆಲ್ಲ ಕೇಳುವಂತೆ ಅತ್ತಿತು. ತಾಯಿಯೂ ಸುಖವಾಗಿದ್ದಳು. ಕೈಕಾಲು ಸೋತು, ಮೈಲಿಗೆ ಸೀರೆಯಲ್ಲಿಯೇ ಮನೆಗೆ ನಡೆದೆ. ಸಂತೋಷವೂ ಇತ್ತು, ಇಂದು ಹಬ್ಬದ ದಿನ ನಾನೊಬ್ಬಳೇ ಎಂಬ ದುಃಖವೂ ಇತ್ತು.

ಆಯಿಯ ಕಟ್ಟೆಯ ಮೇಲೆ ಕಾಕಾ ಕೂತಿದ್ದರು. ಪಕ್ಕದಲ್ಲಿ ಬಾದಾಮಿಯ ಮಾಸ್ತರರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಿನಗೆ ಬರಲಾಗದಿದ್ದರೆ ಹಬ್ಬ ಬರಲಿಕ್ಕೆ ಏನಡ್ಡಿ ಎಂದರು ಕಾಕಾ.

ಒಳಗೆ ನಡೆದದ್ದನ್ನು ಆಮೇಲೆ ಕಾಕು ಬದುಕಿರುವ ತನಕ ಎಲ್ಲರಿಗೂ ಹೇಳುತ್ತಿದ್ದಳು. ಅವಳು ಬೇಯಿಸಿದ್ದೇನೂ ತಂದಿರಲಿಲ್ಲ. ಕಡಲೆಬೇಳೆ, ಬೆಲ್ಲ, ಗೋಧಿಹಿಟ್ಟು, ಎಳೆಯ ಬದನೆಕಾಯಿ, ಇಷ್ಟನ್ನು ಚೀಲದಲ್ಲಿ ತಂದು ಆಯಿಯ ಮುಂದಿಟ್ಟು, "ಅಕ್ಕಾರ, ಒಲಿ ನಿಮ್ದು, ಕೈ ನಿಮ್ವು. ನಾ ಹೆಚ್ಚಿ ಕೊಡ್ತೇನಿ," ಎಂದಿದ್ದಳು. ಹೇಳಿ ಅಡುಗೆಮನೆಯ ಹೊಸ್ತಿಲ ಮೇಲೆಯೇ ಕೂತು ಬದನೆಕಾಯಿ ಕೈಗೆತ್ತಿಕೊಂಡಳಂತೆ, ಒಳಗೆ ಹೋದರೆ ಮುದುಕಿಗೆ ಮುಜುಗರವಾದೀತು ಎಂದು. ಆಯಿ ಒಲೆ ಊದುವುದನ್ನು ನಿಲ್ಲಿಸಿ ತಿರುಗಿ ನೋಡಿದಳು.

"ಹೊಸ್ತಲದ ಮ್ಯಾಲ ಕುಂದ್ರಬಾರದವಾ. ಒಳಗರ ಬಾ, ಹೊರಗರ ಹೋಗು."

ಕಾಕು ಒಳಗೆ ಹೋದಳು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಇಬ್ಬರೂ ಒಂದೇ ಒಲೆಯ ಎದುರು ಕೂತು, ಹೂರಣಕ್ಕೆ ಬೆಲ್ಲ ಯಾವಾಗ ಹಾಕಬೇಕು ಎಂದು ವಾದ ಮಾಡುತ್ತಿದ್ದರು.

ಊಟಕ್ಕೆ ಮೊದಲು ಪ್ರಾರ್ಥನೆ ಆಗಬೇಕು. ನಾವು ಅಂಗಳದಲ್ಲಿ ಎಮ್ಮೆಯ ಗೋದಲಿಯ ಕಡೆ ಕೂತು ಮಾಡಿಕೊಳ್ಳುತ್ತೇವೆ ಎಂದು ಕಾಕಾ ಸಂಕೋಚದಿಂದ ಕೇಳಿದರು. ಆಯಿ ಪಡಸಾಲೆಯಲ್ಲಿ ಜಮಖಾನೆ ಹಾಸಿ, "ಇಲ್ಲೆ ಕುಂದ್ರರಿ. ದೇವರನ್ಯಾಕ ಅಂಗಳದಾಗ ನಿಂದರಸ್ತೀರಿ?" ಎಂದಳು. ತಾನು ಕಂಬಕ್ಕೊರಗಿ ಕೂತಳು. ಮಾಸ್ತರರು ಯೇಸುಸ್ವಾಮಿ ಹುಟ್ಟಿದ ಕಥೆಯನ್ನು ಓದಿದರು. ತುಂಬು ಬಸುರಿ ದೂರದ ಊರಿಗೆ ಬಂದದ್ದು, ಇಳಿದುಕೊಳ್ಳಲು ಎಲ್ಲಿಯೂ ಜಾಗ ಸಿಗದೆ ಕೂಸನ್ನು ಗೋದಲಿಯಲ್ಲಿ ಮಲಗಿಸಿದ್ದು. ನಾನು ಆ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿದವಳು. ಆಯಿ ಕೇಳಿದ್ದು ಅದೇ ಮೊದಲು. ಓದುವುದು ಮುಗಿಯಲಿ ಎಂದು ಅವಳು ಕಾಯಲಿಲ್ಲ.

"ಅಷ್ಟ ದೊಡ್ಡ ಊರಾಗ ಒಬ್ಬ ಹೆಣಮಗಳೂ ಆ ಬಸರಿಗೆ ಜಾಗಾ ಕೊಡ್ಲಿಲ್ಲೇನು?"

ಮಾಸ್ತರರು ಪುಸ್ತಕದಿಂದ ಕಣ್ಣೆತ್ತಿ ಕಾಕಾನನ್ನು ನೋಡಿದರು. ಇಲ್ಲ, ಕೊಡಲಿಲ್ಲ ಎಂದರು ಕಾಕಾ. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬಾಣಂತಿಗೆ ಬಿಸಿನೀರಾದರೂ ಯಾರು ಕಾಸಿ ಕೊಟ್ಟರೋ ಎಂದು ತನಗೆ ತಾನೇ ಅಂದುಕೊಂಡಳು. ಆಮೇಲೆ ಪಾದ್ರಿಗಳ ಎಷ್ಟೋ ಕ್ರಿಸ್‌ಮಸ್ ಪ್ರಸಂಗಗಳನ್ನು ಕೇಳಿದ್ದೇನೆ. ಆ ಕಂಬದ ಬುಡದಿಂದ ಬಂದ ಪ್ರಶ್ನೆಯಷ್ಟು ಯಾವುದೂ ನನ್ನೊಳಗೆ ಇಳಿದಿಲ್ಲ. ಮುಂಜಾನೆಯಷ್ಟೇ ಬಾಣಂತಿಗೆ ಬಿಸಿನೀರು ಕಾಸಿ ಬಂದವಳಲ್ಲವೇ ನಾನು.

ನಾವೆಲ್ಲ ಹೋಳಿಗೆ ಉಂಡೆವು. ಆಯಿ ಬಡಿಸಿದಳು, ನಮ್ಮ ಊಟವಾದ ಮೇಲೆ ಒಳಗೆ ಕೂತು ತಾನೊಬ್ಬಳೇ ಉಂಡಳು.

ಮೂರ್ನಾಲ್ಕು ವರ್ಷ ಹೀಗೆಯೇ ಚೆನ್ನಾಗಿ ಕಳೆಯಿತು. ಒಂದು ಬೇಸಿಗೆಯಲ್ಲಿ ಕಾಕುವಿಗೆ ಲಕ್ವಾ ಹೊಡೆಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಜೀವ ಉಳಿದಿತ್ತು, ಮಾತು ನಿಧಾನವಾಗಿ ಮರಳಿತ್ತು. ಬಲಗೈ ಮಾತ್ರ ಮಡಿಲಲ್ಲಿ ಸತ್ತ ಹಕ್ಕಿಯಂತೆ ಬಿದ್ದಿರುತ್ತಿತ್ತು. ನಡೆದರೆ ಕಾಲು ಎಳೆಯುತ್ತಿತ್ತು.

ಸಭೆಯ ಹೆಂಗಸರು ಪಾಳಿ ಹಚ್ಚಿ ಅಡುಗೆ ತರತೊಡಗಿದರು. ಕಾಕುವಿಗೆ ಅದನ್ನು ತಾಳಲಾಗಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಉಣ್ಣಿಸಿದವಳಿಗೆ ಬೇರೆಯವರ ತಾಟಿನಲ್ಲಿ ಕೈಹಾಕುವುದು ನುಂಗಲಾರದ ತುತ್ತಾಯಿತು. ತನ್ನ ಒಲೆಯ ಮುಂದೆ ಇನ್ನೊಬ್ಬರು ಕೂತದ್ದನ್ನು ಕಂಡರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಆಮೇಲೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಕಾಕಾನಿಗೆ ಹಟ ಹಿಡಿದಳು. ಒಂದು ಭಾನುವಾರ ನಾನೂ ಮಾಸ್ತರರೂ ಹೋದರೆ ಬಾಗಿಲಿಗೆ ಒಳಗಿನಿಂದ ಅಗಳಿ. ಕಾಕಾ ಕಿಟಕಿಯಲ್ಲಿ ಕಾಣಿಸಿಕೊಂಡು ಕೈಮುಗಿದರು. ಎಂದೂ ಮುಚ್ಚಿರದ ಬಾಗಿಲು ಅದು. ಅದರ ಬಣ್ಣ ಹಸಿರೆಂಬುದನ್ನು ನಾನು ಅಂದೇ ಸರಿಯಾಗಿ ನೋಡಿದ್ದು.

ಊರಿಗೆ ಬಂದು ಆಯಿಗೆ ಹೇಳಿದೆ. ಅವಳು ಎಮ್ಮೆ ಹಿಂಡುತ್ತಿದ್ದಳು. ಹಿಂಡಿ ಮುಗಿಸಿ ಹಾಲನ್ನು ಒಳಗೆ ಒಯ್ದಳು. ಮರುದಿನ ಮುಂಜಾನೆ ಪೂಜೆ ಮುಗಿಸಿ, ಎಮ್ಮೆಯನ್ನು ಪಕ್ಕದ ಮನೆಗೆ ಒಪ್ಪಿಸಿ, ಹಬ್ಬಕ್ಕೆಂದು ಇಟ್ಟಿದ್ದ ಇಳಕಲ್ ಸೀರೆ ಉಟ್ಟು ನನ್ನ ಖೋಲಿಯ ಮುಂದೆ ನಿಂತಳು. ಹೆಣ್ಣುಮಕ್ಕಳ ಮನೆ ಮತ್ತು ಕೂಡಲಸಂಗಮ ಬಿಟ್ಟರೆ ಬೇರೆ ಕಡೆ ಹೋದವಳಲ್ಲ. ಬಸ್ಸಿನಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದಳು.

ಹಸಿರು ಬಾಗಿಲನ್ನು ಅವಳೇ ತಟ್ಟಿದಳು. "ಬಾಗಲಾ ತಗೀವಾ. ಶಿರೂರಾಕಿ ಬಂದೇನಿ."

ಒಳಗೆ ಕಾಲೆಳೆಯುವ ಸಪ್ಪಳ ಕೇಳಿತು. ಬಹಳ ಹೊತ್ತು ಹಿಡಿಯಿತು. ಬಾಗಿಲು ತೆರೆದದ್ದು ಕಾಕಾ ಅಲ್ಲ, ಕಾಕುವೇ. ತಲೆ ಬಾಚಿರಲಿಲ್ಲ, ಸೆರಗು ಜಾರಿತ್ತು. ಮೊದಲ ಸಲ ಮನೆಗೆ ಬಂದವಳನ್ನು ಈ ಸ್ಥಿತಿಯಲ್ಲಿ ಎದುರುಗೊಳ್ಳಬೇಕಾಯಿತಲ್ಲ ಎಂದು ಅಳತೊಡಗಿದಳು. ನಿಮಗೆ ಒಂದು ತಂಬಿಗೆ ನೀರು ಕೊಡಲೂ ನನ್ನ ಕೈಲಾಗುವುದಿಲ್ಲ ಎಂದಳು. ಆಯಿ ಅವಳ ಸೆರಗು ಸರಿಮಾಡಿ ಹೆಗಲ ಮೇಲೆ ಹಾಕಿದಳು.

"ನನ್ನ ಒಲಿ ಮುಂದ ನೀ ಕುಂತಿದ್ದಿಲ್ಲೋ? ಆವತ್ತ ನಾ ಬಾಗಲಾ ಹಾಕಿದ್ನೇನು?"

ಕಾಕು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಆಯಿ ಆ ಮನೆಗೆ ನೆಂಟಳಂತೆ ಬಂದು ಹೋಗಲಿಲ್ಲ, ಉಳಿದಳು. ಮುಂಜಾನೆ ಮಗ್ಗದ ಮಗ್ಗುಲಲ್ಲಿ ತನ್ನ ಲಿಂಗಪೂಜೆ ಮಾಡಿಕೊಳ್ಳುವಳು. ಆ ಹೊತ್ತು ಕಾಕಾ ಲಾಳಿ ನಿಲ್ಲಿಸಿ ಸುಮ್ಮನೆ ಕೂರುವರು. ಕಾಕಾ ಪ್ರಾರ್ಥನೆ ಮಾಡುವಾಗ ಇವಳು ತಲೆಯ ಮೇಲೆ ಸೆರಗು ಹೊದ್ದು ಕೂರುವಳು. ಕೈಗೆ ಕಾಲಿಗೆ ಹೇಗೆ ವ್ಯಾಯಾಮ ಮಾಡಿಸಬೇಕೆಂದು ನಾನು ತೋರಿಸಿಕೊಟ್ಟಿದ್ದೆ. ಆಯಿ ಎಣ್ಣೆ ಬಿಸಿಮಾಡಿ ತಿಕ್ಕಿ, ಕಾಕುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯಲ್ಲಿ ಜೋಳದ ಹಿಟ್ಟಿನ ಮುದ್ದೆ ಇಟ್ಟು ಹಿಚುಕಿಸುತ್ತಿದ್ದಳು. ಕಾಕು ಬೈದರೆ ತಿರುಗಿ ಬೈಯುತ್ತಿದ್ದಳು. ಹುನಗುಂದದಿಂದ ಮಗಳು ಹೇಳಿ ಕಳಿಸಿದಳು, ಅವರ ಮನೆಯಲ್ಲಿ ಹೀಗೆ ಇದ್ದರೆ ಬೀಗರು ಏನಂದಾರು ಎಂದು. ಬಸವಣ್ಣ ಕೇಳಿದರೆ ಉತ್ತರ ಕೊಡುತ್ತೇನೆ, ಬೀಗರಿಗೆ ಕೊಡುವುದಿಲ್ಲ ಎಂದು ಆಯಿ ತಿರುಗಿ ಹೇಳಿ ಕಳಿಸಿದಳು. ಆದರೂ ತನ್ನ ಊಟದ ನೇಮವನ್ನು ಅವಳು ಬಿಟ್ಟಿರಲಿಲ್ಲ. ತಾನೇ ಬೇಯಿಸಿದ್ದನ್ನು ತಾನು ಉಣ್ಣುತ್ತಿದ್ದಳು, ಅವರಿಗೂ ಬಡಿಸುತ್ತಿದ್ದಳು.

ನಾನು ರಜೆಯ ದಿನ ಹೋದಾಗೊಮ್ಮೆ ಕಾಕು ಒಲೆಯ ಮುಂದೆ ಕೂತಿದ್ದಳು. ಎಡಗೈಯಿಂದ ಹಿಟ್ಟು ನಾದಿದ್ದಳು. ಬಡಿಯುವಾಗ ಬಲಗೈಯನ್ನು ಎಡಗೈಯಿಂದಲೇ ಎತ್ತಿ ಹಿಟ್ಟಿನ ಮೇಲಿಡುತ್ತಿದ್ದಳು. ಅದು ಒಂದಿಷ್ಟು ಒತ್ತಿ ಜಾರುತ್ತಿತ್ತು. ಬೆವರು ಇಳಿಯುತ್ತಿತ್ತು. ನಾನು ಸಹಾಯಕ್ಕೆ ಹೋಗಬೇಕೆಂದರೆ ಆಯಿ ಕಣ್ಣಲ್ಲಿಯೇ ಬೇಡವೆಂದಳು. ಕೊನೆಗೆ ಹೆಂಚಿನಿಂದ ಇಳಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಕಾಕು ಅದನ್ನು ತಾಟಿನಲ್ಲಿ ಹಾಕಿ ನೋಡುತ್ತ ಕೂತಳು. ಯಾರಿಗೆ ಕೊಡಬೇಕೆಂದು ತಿಳಿಯದವಳಂತೆ ಒಮ್ಮೆ ನನ್ನನ್ನು, ಒಮ್ಮೆ ಕಾಕಾನನ್ನು ನೋಡಿದಳು.

ಆಯಿ ಕೈಚಾಚಿ ತಾಟನ್ನು ತನ್ನ ಕಡೆ ಎಳೆದುಕೊಂಡಳು. ರೊಟ್ಟಿ ಮುರಿದು, ಖಾರಬ್ಯಾಳಿಗೆ ಹಚ್ಚಿ ಬಾಯಲ್ಲಿಟ್ಟಳು. ಅವಳು ನಿಧಾನವಾಗಿ ಅಗಿದು ನುಂಗಿದಳು.

"ಅಂಚ ಹಸಿ ಉಳದೈತಿ," ಎಂದಳು. "ನಾಳೆ ಇನ್ನೊಂದೀಟ ಬೇಯಿಸು."

ಮಾತೆಂದರೆ ಅಷ್ಟೇ. ಕಾಕಾ ಎದ್ದು ಹೊರಗೆ ಹೋದರು. ನನಗೆ ಹೊಗೆ ಕಣ್ಣಿಗೆ ಬಂದಿತ್ತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಚರ್ಚಿನಲ್ಲಿ ಕರ್ತನ ಮೇಜಿನ ಮುಂದೆ ರೊಟ್ಟಿ ಮುರಿಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಅದರ ಅರ್ಥವನ್ನು ಬಾಯಿಪಾಠ ಮಾಡಿದ್ದೇನೆ. ಕೊಡುವುದರಂತೆ ತೆಗೆದುಕೊಳ್ಳುವುದೂ ಕೃಪೆಯೇ ಎಂಬುದು ನನಗೆ ತಿಳಿದದ್ದು ಅಂದು, ಆ ಹೊಗೆಯಲ್ಲಿ.

ಮಳೆಗಾಲದ ಹೊತ್ತಿಗೆ ಕಾಕು ಗೋಡೆ ಹಿಡಿಯದೆ ನಡೆಯತೊಡಗಿದಳು. ಆಗಲೇ ಆಯಿ ಶಿರೂರಿಗೆ ಮರಳಿದ್ದು. ಕೈ ಪೂರ್ತಿ ಮರಳಲಿಲ್ಲ. ಭಾನುವಾರದ ಊಟ ಮತ್ತೆ ಶುರುವಾಯಿತು. ಈಗ ಬಂದವರು ಬುತ್ತಿ ತರುತ್ತಿದ್ದರು, ಕಾಕು ಅದಕ್ಕೆ ಒಪ್ಪಿದಳು. ಯಾರ ಪಲ್ಯಕ್ಕೆ ಉಪ್ಪು ಹೆಚ್ಚು ಎಂದು ಹೇಳುವ ಹಕ್ಕನ್ನು ಮಾತ್ರ ತನ್ನಲ್ಲಿಟ್ಟುಕೊಂಡಳು. ಬಾದಾಮಿಯ ಮಾಸ್ತರರ ವಿಷಯವನ್ನು ನಮ್ಮ ಮನೆಯವರಿಗೆ ತಿಳಿಸಿ ಮಾತು ಮುಂದುವರಿಸಿದವಳೂ ಅವಳೇ. ಎಂಬತ್ತರ ದಶಕದ ಮೊದಲಿಗೆ ನಮ್ಮ ಮದುವೆಯಾಯಿತು. ಸ್ವಲ್ಪ ಕಾಲದಲ್ಲಿ ನನಗೆ ಇಳಕಲ್ಲಿಗೆ ವರ್ಗವಾಯಿತು. ಅವರೂ ಅಲ್ಲಿಗೇ ಬದಲಿ ಮಾಡಿಸಿಕೊಂಡರು.

ಇಳಕಲ್ಲಿಗೆ ಹೊರಡುವ ಮೊದಲು, ಎಲ್ಲರೂ ಒಂದು ದಿನ ಕೂಡಿ ಬಾದಾಮಿ ನೋಡಿ ಬರೋಣ ಎಂದರು ಮಾಸ್ತರರು. ಅಷ್ಟು ಹತ್ತಿರವಿದ್ದರೂ ಆಯಿಯಾಗಲಿ ಕಾಕುವಾಗಲಿ ಗವಿಗಳನ್ನು ನೋಡಿರಲಿಲ್ಲ. ಮೊದಲ ಗವಿಯ ತನಕ ಕಾಕುವನ್ನು ಹೇಗೋ ಹತ್ತಿಸಿದೆವು. ಮುಂದೆ ಅವಳಿಂದಾಗಲಿಲ್ಲ. ಆಯಿ ಅಲ್ಲಿಯೇ ಮೆಟ್ಟಿಲ ಮೇಲೆ ಕೂತು, ಉಳಿದದ್ದನ್ನು ನೀವು ನೋಡಿಕೊಂಡು ಬನ್ನಿ, ನಮಗೆ ಕೆರೆ ಕಾಣಿಸುತ್ತದೆ ಸಾಕು ಎಂದಳು. ನಾವು ಮೇಲಿನಿಂದ ಇಳಿದು ಬಂದಾಗ ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ತಲೆಯಿಟ್ಟು ನಗುತ್ತಿದ್ದರು. ಬುತ್ತಿಯ ಗಂಟನ್ನು ಮಂಗ ಒಯ್ದಿತ್ತು. ಬಂಡೆಯ ತುದಿಯಲ್ಲಿ ಕೂತು ಅದು ನಮ್ಮ ರೊಟ್ಟಿ ತಿನ್ನುತ್ತಿತ್ತು.

ಕೆಳಗೆ ಕೆರೆಯ ದಂಡೆಯಲ್ಲಿ ಒಂದು ಕುಟುಂಬ ಕಂಬಳಿ ಹಾಸಿ ಊಟಕ್ಕೆ ಕೂತಿತ್ತು. ಕುರಿ ಕಾಯುವ ಮಂದಿ, ಬೀರಪ್ಪನ ಒಕ್ಕಲು. ಮಗನ ಹರಕೆ ತೀರಿಸಲು ಹೊರಟವರು. ಮಂಗನ ಆಟವನ್ನು ಅವರೂ ಕೆಳಗಿನಿಂದ ನೋಡಿದ್ದರು. ಮನೆಯ ಹಿರಿಯ ಹೆಂಗಸು ಕಂಬಳಿಯ ಒಂದು ಬದಿ ಖಾಲಿ ಮಾಡಿ, "ಬರ್ರಿ, ಕುಂದ್ರರಿ. ಸಜ್ಜಿ ರೊಟ್ಟಿ ಅದಾವು, ಶೇಂಗಾ ಹಿಂಡಿ ಐತಿ," ಎಂದಳು. ಯಾರು ಏನು ಎಂದು ವಿಚಾರಿಸಲಿಲ್ಲ. ಕಾಕಾ ಕೂತರು, ಮಾಸ್ತರರು ಕೂತರು. ಆಯಿ ಒಂದು ಗಳಿಗೆ ನಿಂತು ಕಾಕುವನ್ನು ನೋಡಿದಳು, ಆಮೇಲೆ ಅವಳ ಕೈಹಿಡಿದು ಕೂರಿಸಿ ತಾನೂ ಕೂತಳು.

ಉಂಡು ಏಳುವಾಗ ಆಯಿ ಆ ಹೆಂಗಸಿಗೆ, ನಮ್ಮ ಕಡೆ ಬಂದರೆ ಶಿರೂರಿನಲ್ಲಿ ನಮ್ಮ ಮನೆಗೆ ಬರಬೇಕು ಎಂದಳು. ಮೊದಲು ಗುಳೇದಗುಡ್ಡಕ್ಕೆ ಬರಬೇಕು, ದಾರಿ ಅದೇ ಹತ್ತಿರ ಎಂದಳು ಕಾಕು. ಯಾವುದು ಹತ್ತಿರ ಎಂದು ಇಬ್ಬರಿಗೂ ಅಲ್ಲಿಯೇ ವಾದ ಶುರುವಾಯಿತು. ಆ ಹೆಂಗಸು ನಗುತ್ತ, ಇಬ್ಬರ ಬಟ್ಟಲಿಗೂ ಇನ್ನೊಂದಿಷ್ಟು ಮಜ್ಜಿಗೆ ಹಾಕಿದಳು.